ದೀಪಕ್ಕಿಂತ ದೊಡ್ಡದು ಆ ಪರದೆ

ಕೆಲ ವರ್ಷಗಳ ಹಿಂದೆ ನನ್ನ ತಾಯಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಎಪ್ಪತ್ತು ದಾಟಿದ ಜೀವ. ನೋವಿಗಿಂತ ಹೆಚ್ಚಾಗಿ ಕಾಡುತ್ತಿದ್ದುದು ಬೆಳಗಾದರೆ ಏನಾಗುವುದೋ ಎಂಬ ಅಳುಕು. ರಾತ್ರಿ ಪಾಳಿಯ ನರ್ಸ್ ಒಬ್ಬರು ಹಾಸಿಗೆಯ ಪಕ್ಕದಲ್ಲಿ ಕುಳಿತರು. ಎಷ್ಟು ಗಂಟೆಗೆ ಕರೆದೊಯ್ಯುತ್ತಾರೆ, ಅಲ್ಲಿಯವರೆಗೆ ನೀರನ್ನೂ ಏಕೆ ಕುಡಿಯಬಾರದು, ಎಚ್ಚರವಾದಾಗ ಎಲ್ಲಿರುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನೆಲ್ಲ ಒಂದೊಂದಾಗಿ ತಿಳಿಸಿದರು. ಹತ್ತು ನಿಮಿಷದ ಮಾತು, ಅಷ್ಟೆ. ಅಮ್ಮ ನಿದ್ರಿಸಿದರು.

ಮನೆಗೆ ಮರಳಿದ ಮೇಲೆ ಸರ್ಜನ್ ಅವರ ಹೆಸರು ನಮ್ಮೆಲ್ಲರ ಬಾಯಲ್ಲೂ ಇತ್ತು. ಆ ನರ್ಸ್ ಹೆಸರು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆ ಸಂಕೋಚವೇ ನನ್ನನ್ನು ಫ್ಲಾರೆನ್ಸ್ ನೈಟಿಂಗೇಲ್ ಅವರ ಬದುಕಿನತ್ತ ಮತ್ತೆ ಕರೆದೊಯ್ದಿತು.

ಶಾಲೆಯಲ್ಲಿ ನಾವು ಓದಿದ ನೈಟಿಂಗೇಲ್ ದೀಪ ಹಿಡಿದ ಕರುಣಾಮಯಿ. ಆ ಚಿತ್ರ ಸುಳ್ಳಲ್ಲ, ಆದರೆ ಅದು ಅಪೂರ್ಣ. ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಯ ಉಳಿವು ಸರ್ಜನ್ನರ ಕೈಚಳಕವೊಂದನ್ನೇ ಅವಲಂಬಿಸಿಲ್ಲ, ಅದರ ಹಿಂದಿನ ಮತ್ತು ಮುಂದಿನ ಗಂಟೆಗಳೂ ಅದನ್ನು ನಿರ್ಧರಿಸುತ್ತವೆ ಎಂಬುದನ್ನು ಕಂಡುಕೊಂಡ ಚಿಂತಕಿಯೂ ಅವರಾಗಿದ್ದರು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಇಂಗ್ಲಿಷ್ ಕುಟುಂಬವೊಂದರಲ್ಲಿ ಅವರು ಜನಿಸಿದರು. ತಂದೆಯೇ ಗುರುವಾಗಿ ಮಗಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸಗಳನ್ನು ಕಲಿಸಿದರು. ಆದರೆ ಮಗಳು ರೋಗಿಗಳ ಸೇವೆಗೆ ಹೋಗುವೆನೆಂದಾಗ ಮನೆಯವರು ಬೆಚ್ಚಿಬಿದ್ದರು. ಅಂದಿನ ಇಂಗ್ಲೆಂಡಿನಲ್ಲಿ ಕುಲೀನ ಮನೆತನದ ಹೆಣ್ಣುಮಕ್ಕಳಿಗೆ ಅದು ಯೋಗ್ಯವಾದ ಕೆಲಸವಾಗಿರಲಿಲ್ಲ. ವರ್ಷಗಟ್ಟಲೆ ನಡೆದ ಈ ಹಗ್ಗಜಗ್ಗಾಟದ ನಂತರ, 1851ರಲ್ಲಿ, ಅವರು ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕೆಲವು ತಿಂಗಳ ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಚಿಕ್ಕದೊಂದು ಆಸ್ಪತ್ರೆಯ ಮೇಲ್ವಿಚಾರಕಿಯಾದರು.

ಮರುವರ್ಷ ಕ್ರಿಮಿಯಾ ಯುದ್ಧ. 1854ರ ನವೆಂಬರ್ 4ರಂದು 38 ಮಂದಿ ಶುಶ್ರೂಷಕಿಯರೊಂದಿಗೆ ಅವರು ಸ್ಕುಟಾರಿಯ ಬ್ರಿಟಿಷ್ ಸೇನಾ ಆಸ್ಪತ್ರೆ ತಲುಪಿದರು. ಇಂದಿನ ಇಸ್ತಾಂಬುಲ್ ನಗರದ ಉಸ್ಕುದಾರ್ ಬಡಾವಣೆಯೇ ಅಂದಿನ ಸ್ಕುಟಾರಿ. ಮರುದಿನವೇ ಇಂಕರ್‌ಮನ್ ಕದನ ನಡೆದು, ಗಾಯಾಳುಗಳನ್ನು ಹೊತ್ತ ಹಡಗುಗಳು ಬರತೊಡಗಿದವು. ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದುದು ವಾರ್ಡಿನಲ್ಲಿಯೇ, ಉಳಿದ ರೋಗಿಗಳ ಕಣ್ಣೆದುರಿಗೇ. ಕ್ಲೋರೋಫಾರ್ಮ್ ಬಳಕೆಗೆ ಬಂದು ಏಳು ವರ್ಷಗಳಾಗಿದ್ದರೂ ಸೇನೆಯ ಮುಖ್ಯ ವೈದ್ಯಾಧಿಕಾರಿಗೆ ಅದರ ಬಗ್ಗೆ ಒಲವಿರಲಿಲ್ಲ.

ಆಗ ನೈಟಿಂಗೇಲ್ ತರಿಸಿದ್ದು ಒಂದು ಪರದೆಯನ್ನು. ನಾಳೆ ಕಾಲು ಕಳೆದುಕೊಳ್ಳಬೇಕಾದವನು ಇಂದು ತನ್ನ ಸಂಗಾತಿ ಕತ್ತಿಯ ಕೆಳಗೆ ಸಾಯುವುದನ್ನು ನೋಡಿದರೆ, ಅವನು ಬದುಕುವ ಸಾಧ್ಯತೆಯೇ ಕುಗ್ಗುತ್ತದೆ ಎಂಬುದು ಅವರ ತರ್ಕವಾಗಿತ್ತು. ಗಮನಿಸಿ, ಇದು ಬರಿಯ ಕನಿಕರದ ಮಾತಲ್ಲ. ಭಯವೂ ದೇಹವನ್ನು ಕೊಲ್ಲುತ್ತದೆ ಎಂಬ ಗ್ರಹಿಕೆ ಅದರಲ್ಲಿದೆ. ಕೆಲ ವರ್ಷಗಳ ನಂತರ ಶುಶ್ರೂಷೆಯ ಕುರಿತು ಬರೆದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಅವರು ಇದನ್ನೇ ಬೆಳೆಸಿದರು. ಅನಿಶ್ಚಿತತೆ, ಕಾಯುವಿಕೆ ಮತ್ತು ಆತಂಕಗಳು ರೋಗಿಯನ್ನು ದೈಹಿಕ ಶ್ರಮಕ್ಕಿಂತ ಹೆಚ್ಚು ಬಳಲಿಸುತ್ತವೆ ಎಂದು ತಿಳಿಸಿದರು. ರೋಗಿಯ ಕೋಣೆಯ ಹೊರಗೆ ನಿಂತು ಪಿಸುಗುಟ್ಟುವ ವೈದ್ಯರು ಮತ್ತು ಬಂಧುಗಳನ್ನು ಕಟುವಾಗಿ ಟೀಕಿಸಿದರು. ಶುಶ್ರೂಷಕಿಯರು ಪದೇ ಪದೇ ಕೈ ತೊಳೆಯಬೇಕೆಂದು ಸೂಚಿಸಿದರು. ಜೋಸೆಫ್ ಲಿಸ್ಟರ್ ತಮ್ಮ ನಂಜುನಿರೋಧಕ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಇದು ಅದಕ್ಕಿಂತ ಮೊದಲಿನ ಮಾತು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆಂಬ ಹಳೆಯ ನಂಬಿಕೆಯಲ್ಲಿಯೇ ಅವರು ಆಗ ಇದ್ದರೆಂಬುದೂ ನಿಜ. ಕಾರಣದ ವಿವರಣೆಯಲ್ಲಿ ಎಡವಿದರೂ ಅವರ ಕಣ್ಣು ಎಡವಿರಲಿಲ್ಲ.

ಸ್ಕುಟಾರಿಯ ನಿಜವಾದ ಪಾಠ ಅವರಿಗೆ ದಕ್ಕಿದ್ದು ಯುದ್ಧ ಮುಗಿದ ಮೇಲೆ. 1855ರ ಫೆಬ್ರುವರಿಯಲ್ಲಿ ಅಲ್ಲಿನ ಸಾವಿನ ಪ್ರಮಾಣ ನೂರಕ್ಕೆ 42 ದಾಟಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿಗಳನ್ನು ಶುಚಿಗೊಳಿಸಿ ಗಾಳಿ ಬೆಳಕಿಗೆ ಎಡೆ ಮಾಡಿಕೊಟ್ಟಿತು. ಜೂನ್ ಹೊತ್ತಿಗೆ ಆ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಂದಿಗೆ ಕುಳಿತು ಲೆಕ್ಕ ಹಾಕಿದಾಗ, ಗುಂಡೇಟಿಗಿಂತ ಎಷ್ಟೋ ಪಟ್ಟು ಹೆಚ್ಚು ಸೈನಿಕರನ್ನು ರೋಗಗಳು ಕೊಂದದ್ದು ಸ್ಪಷ್ಟವಾಯಿತು. ತಾವು ದುಡಿದ ಆಸ್ಪತ್ರೆಯ ಕೊಳಕೂ ಅದಕ್ಕೆ ಕಾರಣವಾಗಿತ್ತೆಂಬ ಸತ್ಯವನ್ನು ಅರಗಿಸಿಕೊಳ್ಳುವುದು ಸುಲಭವಾಗಿದ್ದಿರಲಾರದು. ಅವರು ಅದನ್ನು ಮುಚ್ಚಿಡಲಿಲ್ಲ, ಚಿತ್ರ ಬರೆದು ಸರ್ಕಾರದ ಮುಂದಿಟ್ಟರು.

ಅಲ್ಲಿಂದ ಮುಂದಿನ ಬದುಕಿನ ಬಹುಪಾಲು ಕಳೆದದ್ದು ಕಾಯಿಲೆಯ ಹಾಸಿಗೆಯಲ್ಲಿ. ಕ್ರಿಮಿಯಾದಲ್ಲಿ ತಗುಲಿದ ಜ್ವರದ ನಂತರ ಆರೋಗ್ಯ ಪೂರ್ತಿ ಸುಧಾರಿಸಲೇ ಇಲ್ಲ. ಆದರೂ ಲೇಖನಿ ನಿಲ್ಲಲಿಲ್ಲ. ಆಸ್ಪತ್ರೆಗಳ ಕುರಿತ ಅವರ ಪುಸ್ತಕದ 1863ರ ಆವೃತ್ತಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಒಂದು, ಶಸ್ತ್ರಚಿಕಿತ್ಸಾ ಕೊಠಡಿಗೆ ಹೊಂದಿಕೊಂಡ ಪುಟ್ಟ ಕೋಣೆ. ಕೆಲವು ಗ್ರಾಮಾಂತರ ಆಸ್ಪತ್ರೆಗಳಲ್ಲಿ ರೋಗಿಯು ಶಸ್ತ್ರಚಿಕಿತ್ಸೆಯ ತಕ್ಷಣದ ಪರಿಣಾಮದಿಂದ ಚೇತರಿಸಿಕೊಳ್ಳುವವರೆಗೆ ಅಲ್ಲಿಯೇ ಇರುತ್ತಿದ್ದುದನ್ನು ಅವರು ದಾಖಲಿಸಿದರು. ಇಂದು ಪ್ರತಿ ದೊಡ್ಡ ಆಸ್ಪತ್ರೆಯಲ್ಲಿರುವ ರಿಕವರಿ ರೂಮಿನ ಪೂರ್ವಜ ಅದು. ಎರಡು, ಶಸ್ತ್ರಚಿಕಿತ್ಸೆಗಳ ಫಲಿತಾಂಶವನ್ನು ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯಲ್ಲಿ ದಾಖಲಿಸಬೇಕೆಂಬ ಪ್ರಸ್ತಾವ. ಯಾವ ಶಸ್ತ್ರಚಿಕಿತ್ಸೆ, ರೋಗಿಯ ವಯಸ್ಸೆಷ್ಟು, ನಂತರ ಯಾವ ತೊಡಕು, ಬದುಕಿದನೇ ಇಲ್ಲವೇ ಎಂಬ ಲೆಕ್ಕವಿಲ್ಲದೆ ಸುಧಾರಣೆ ಅಸಾಧ್ಯವೆಂಬುದನ್ನು ಅವರು ಅರಿತಿದ್ದರು.

ಇದನ್ನೆಲ್ಲ ನಿಭಾಯಿಸಲು ಒಳ್ಳೆಯ ಮನಸ್ಸು ಮಾತ್ರ ಸಾಲದು, ಶಿಕ್ಷಣ ಬೇಕು. ಹಾಗಾಗಿಯೇ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಅವರ ಎಲ್ಲ ನಿಲುವುಗಳೂ ಸರಿಯಿದ್ದವೆಂದಲ್ಲ. ಶುಶ್ರೂಷಕಿಯರ ಅಧಿಕೃತ ನೋಂದಣಿಯನ್ನು ಅವರು ವಿರೋಧಿಸಿದ್ದರು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು.

ಪ್ರತಿ ವರ್ಷ ಅವರ ಜನ್ಮದಿನದಂದು ನಾವು ದಾದಿಯರ ದಿನ ಆಚರಿಸುತ್ತೇವೆ, ತ್ಯಾಗವನ್ನು ಕೊಂಡಾಡುತ್ತೇವೆ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಪ್ರಶ್ನೆ ಮಾತ್ರ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ, ಸಣ್ಣ ಆಸ್ಪತ್ರೆಗಳಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು 2016ರಲ್ಲಿ ಶಿಫಾರಸು ಮಾಡಿತು. ನಾಡಿ ನೋಡುವ, ರಕ್ತದೊತ್ತಡ ಅಳೆಯುವ, ಉಸಿರಿನ ಏರುಪೇರನ್ನು ಮೊದಲು ಗುರುತಿಸುವ ಆ ಕಣ್ಣುಗಳಿಗೆ ನಾವು ಕಟ್ಟಿರುವ ಬೆಲೆ ಯಾವುದೆಂದು ಆ ಕನಿಷ್ಠ ಮೊತ್ತವೇ ಹೇಳುತ್ತದೆ. ಒಬ್ಬರೇ ನರ್ಸ್ ಇಡೀ ವಾರ್ಡು ಸುತ್ತಬೇಕಾದಲ್ಲಿ, ರೋಗಿಯ ಪಕ್ಕ ಕುಳಿತು ಮಾತನಾಡುವ ಹತ್ತು ನಿಮಿಷ ಎಲ್ಲಿಂದ ಬರಬೇಕು?

ಅಮ್ಮನಿಗೆ ಸಿಕ್ಕ ಆ ಹತ್ತು ನಿಮಿಷವನ್ನು ನಾನು ಅದೃಷ್ಟವೆಂದುಕೊಂಡಿದ್ದೆ. ಅದು ಚಿಕಿತ್ಸೆಯದೇ ಭಾಗವೆಂದು ನೈಟಿಂಗೇಲ್ ನೂರೈವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದರು.