ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ವ್ರತನಿಷ್ಠೆ

ದಶಲಕ್ಷಣ ಪರ್ವದಲ್ಲಿ ನಮ್ಮ ಮನೆಗಳಲ್ಲಿ ಅನೇಕ ನಿಯಮಗಳು ಆರಂಭವಾಗುತ್ತವೆ. ರಾತ್ರಿಭೋಜನ ತ್ಯಾಗ, ಏಕಭುಕ್ತ, ನಿತ್ಯ ಸ್ವಾಧ್ಯಾಯ ಎಲ್ಲವೂ ಉತ್ಸಾಹದಿಂದ ಮೊದಲಾಗುತ್ತವೆ. ಪರ್ವ ಮುಗಿದ ಕೆಲವೇ ವಾರಗಳಲ್ಲಿ ಸಡಿಲವೂ ಆಗುತ್ತವೆ. ಹಿಡಿದ ನಿಯಮವು ಬಾಳಿನುದ್ದಕ್ಕೂ ನಿಲ್ಲುವ ಬಗೆಯನ್ನು ಅರಿಯಲು ಪರಮಪೂಜ್ಯ ಶಾಂತಿಸಾಗರ ಮಹಾರಾಜರ ಚರಿತ್ರೆಗಿಂತ ಮಿಗಿಲಾದ ಪಾಠ ನಮಗಿಲ್ಲ.

ಪೂಜ್ಯರು ೧೮೭೨ರಲ್ಲಿ ತಾಯಿಯ ತವರಾದ ಯಳಗೂಡಿನಲ್ಲಿ ಜನಿಸಿದರು. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ವೇದಗಂಗಾ–ದೂಧಗಂಗಾ ಸಂಗಮದ ಬಳಿಯಿರುವ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮ ಅವರ ಮನೆತನದ ಊರು. ಬಾಲಕ ಸಾತಗೌಡನಿಗೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು; ಬಾಲವಧು ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಪ್ರಾಯಕ್ಕೆ ಬಂದ ಬಳಿಕ ಹಿರಿಯರು ಮರುಮದುವೆಯ ಮಾತೆತ್ತಿದಾಗ ಅವರು ಒಪ್ಪಲಿಲ್ಲ.

ಹದಿನೆಂಟರ ಹರೆಯದಲ್ಲಿಯೇ ಅವರ ಮನಸ್ಸು ಮುನಿದೀಕ್ಷೆಯತ್ತ ಒಲಿದಿತ್ತು. ಆದರೆ ತಾವಿರುವತನಕ ಮಗನು ಮನೆಯಲ್ಲಿಯೇ ಧರ್ಮಸಾಧನೆ ಮಾಡಲೆಂಬುದು ತಾಯ್ತಂದೆಯರ ಇಚ್ಛೆ. ಸಾತಗೌಡರು ಅದನ್ನು ಮೀರಲಿಲ್ಲ. ಕಾಯುವ ಕಾಲವನ್ನು ವ್ಯರ್ಥಗೊಳಿಸಲೂ ಇಲ್ಲ. ಮನೆಯಲ್ಲಿಯೇ ಅವರಿಗೆ ಆದರ್ಶವಿತ್ತು. ತಂದೆಯವರು ಹದಿನಾರು ವರ್ಷ ದಿನಕ್ಕೊಂದೇ ಹೊತ್ತಿನ ಊಟದ ನಿಯಮ ಪಾಲಿಸಿದವರು. ಮಗನು ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಡುತ್ತಿದ್ದನು. ಬಟ್ಟೆಯಂಗಡಿಯಲ್ಲಿ ಕುಳಿತರೂ ಕೈಯಲ್ಲಿ ಶಾಸ್ತ್ರವೇ ಇರುತ್ತಿತ್ತು. ಗಿರಾಕಿಗಳು ತಾವೇ ಅರಿವೆ ಅಳೆದುಕೊಂಡು ಲೆಕ್ಕ ಬರೆದಿಡುತ್ತಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಸಮ್ಮೇದ ಶಿಖರಜಿಯ ಯಾತ್ರೆಯಲ್ಲಿ ತುಪ್ಪ ಮತ್ತು ಎಣ್ಣೆಗಳನ್ನು ಆಜೀವನ ತ್ಯಜಿಸಿದರು. ಮರಳಿದ ಮೇಲೆ ಏಕಭುಕ್ತ ವ್ರತಸ್ಥರಾದರು. ಒಂದು ನಿಯಮವು ನೆಲೆಗೊಂಡ ಮೇಲೆ ಇನ್ನೊಂದು, ಇದು ಅವರು ನಡೆದ ಕ್ರಮ.

ತಾಯ್ತಂದೆಯರು ಸ್ವರ್ಗಸ್ಥರಾದ ಬಳಿಕ ಕ್ಷುಲ್ಲಕರಾದರು, ಗಿರನಾರಿನಲ್ಲಿ ಐಲಕರಾದರು. ೧೯೨೦ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ಪಡೆದಾಗ ಅವರಿಗೆ ಸುಮಾರು ನಲವತ್ತೆಂಟು ವಯಸ್ಸು. ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಮೂವತ್ತು ವರ್ಷಗಳ ಅಭ್ಯಾಸವಿತ್ತು.

ಆ ಕಾಲದಲ್ಲಿ ತ್ಯಾಗಿಗಳು ಮೊದಲೇ ನಿಶ್ಚಯವಾದ ಮನೆಯಲ್ಲಿ ಆಹಾರ ಸ್ವೀಕರಿಸುವ ರೂಢಿಯಿತ್ತು. ಶಾಸ್ತ್ರಕ್ಕೆ ಒಪ್ಪದ ಆ ಸೌಕರ್ಯವನ್ನು ಅವರು ಒಲ್ಲೆನೆಂದರು. ಶುದ್ಧ ಚರ್ಯೆಯ ವಿಧಿಯನ್ನು ಶ್ರಾವಕರೇ ಮರೆತಿದ್ದುದರಿಂದ ಆಹಾರವಿಲ್ಲದೆ ಮರಳಿದ ದಿನಗಳೂ ಇದ್ದವು. ಅವರು ನಿಯಮ ಬಿಡಲಿಲ್ಲ. ಕ್ರಮೇಣ ಸಮಾಜವೇ ವಿಧಿಯನ್ನು ಕಲಿತುಕೊಂಡಿತು. ಹೀಗೆ ಒಬ್ಬರ ದೃಢತೆಯು ಸಮುದಾಯದ ಆಚಾರವಾಯಿತು.

೧೯೨೪ರಲ್ಲಿ ಸಮಡೋಳಿಯಲ್ಲಿ ಅವರು ಆಚಾರ್ಯ ಪದವಿಗೇರಿದರು. ೧೯೨೮ರಲ್ಲಿ ಸಂಘಸಹಿತ ಶಿಖರಜಿಯನ್ನು ವಂದಿಸಿದರು. ಜೀವಮಾನದಲ್ಲಿ ಅವರು ಕೈಗೊಂಡ ಉಪವಾಸಗಳು ಒಂಬತ್ತು ಸಾವಿರಕ್ಕೂ ಮಿಕ್ಕಿದವೆಂದು ಗಣನೆಯಿದೆ. ಇಳಿವಯಸ್ಸಿನಲ್ಲಿ ದೃಷ್ಟಿ ಮಂದವಾಗಿ, ಜೀವಿಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ಪಾಲನೆ ಕಷ್ಟವಾದಾಗ ಸಲ್ಲೇಖನವನ್ನು ಸ್ವೀಕರಿಸಿದರು. ಆಚಾರ್ಯ ಪದವಿಯನ್ನು ಶಿಷ್ಯರಾದ ವೀರಸಾಗರ ಮಹಾರಾಜರಿಗೆ ಒಪ್ಪಿಸಿ, ೧೯೫೫ರ ಸೆಪ್ಟೆಂಬರ್ ೧೮ರಂದು ಕುಂಥಲಗಿರಿಯಲ್ಲಿ ಮೂವತ್ತಾರನೆಯ ದಿನ ಸಮಾಧಿಸ್ಥರಾದರು.

ಶ್ರಾವಕಾಚಾರವು ಕಾಲಮಿತಿಯುಳ್ಳ ವ್ರತವನ್ನು ನಿಯಮವೆಂದೂ, ಆಜೀವನ ವ್ರತವನ್ನು ಯಮವೆಂದೂ ಕರೆಯುತ್ತದೆ. ಮುನಿಗಳ ತಪಸ್ಸು ಗೃಹಸ್ಥರಾದ ನಮ್ಮ ಅಳವಿಗೆ ಮೀರಿದ್ದು. ಭೋಜ ಗ್ರಾಮದ ಸಾತಗೌಡರ ಕ್ರಮ ಮೀರಿದ್ದಲ್ಲ. ಕನ್ನಡದ ಮನೆಯಿರಲಿ, ಮರಾಠಿಯ ಮನೆಯಿರಲಿ, ಈ ಉತ್ಸವದಲ್ಲಿ ಕುಟುಂಬಕ್ಕೊಂದು ಚಿಕ್ಕ ನಿಯಮವನ್ನು ಅವಧಿ ಗೊತ್ತುಮಾಡಿ ಸ್ವೀಕರಿಸೋಣ. ಅವಧಿ ತುಂಬಿದ ದಿನ ಜಿನಬಿಂಬದ ಮುಂದೆ ನಿಂತು ಮತ್ತಷ್ಟು ಕಾಲಕ್ಕೆ ಮುಂದುವರಿಸೋಣ. ಹೀಗೆ ಬೆಳೆದ ನಿಯಮವೇ ಒಂದು ದಿನ ಯಮವಾದೀತು. ಪೂಜ್ಯರ ಪಾವನ ಚರಣಗಳಿಗೆ ತ್ರಿವಾರ ನಮೋಸ್ತು.