ಲೆಕ್ಕವನ್ನು ಕನ್ನಡದಲ್ಲಿ ಕಲಿಸಿದ ರಾಜಾದಿತ್ಯ

ಕನ್ನಡದ ಮೊದಲ ಗಣಿತ ಗ್ರಂಥಕಾರರೆಂದು ಹೆಸರಾದ ರಾಜಾದಿತ್ಯರು 12ನೇ ಶತಮಾನದ ಜೈನ ಕವಿ. ಊರು ನಮ್ಮ ಬೆಳಗಾವಿ ಸೀಮೆಯ ಪೂವಿನಬಾಗೆ. ತಂದೆ ಶ್ರೀಪತಿ, ತಾಯಿ ವಸಂತೆ, ಗುರುಗಳು ಶುಭಚಂದ್ರದೇವರು.

ಸುಮಾರು 850ರಲ್ಲಿ ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿತ್ತು. ರಾಜಾದಿತ್ಯರು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮುಂತಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು, ಸಂತೆಯಲ್ಲಿ ಕೊಳ್ಳುವ, ಮಾರುವ, ಹೊಲ ಅಳೆಯುವ ಜನರ ಕೈಗೆ ಲೆಕ್ಕವನ್ನು ಕೊಟ್ಟರು. ಸೂತ್ರವನ್ನು ಪದ್ಯದಲ್ಲಿ ಹೇಳಿ, ಟೀಕೆ ಬರೆದು, ಉದಾಹರಣೆಯಿಂದ ತಿಳಿಸುವುದು ಅವರ ಕ್ರಮ.

ಅವರು ಕಲಿಸಿದ ತ್ರೈರಾಶಿಕ ಇಂದಿಗೂ ಮಕ್ಕಳಿಗೆ ಬೇಕು. ಸಂಪಗಾಂವದ ಯಾವುದೇ ಅಡುಗೆಮನೆಯಲ್ಲಿ ಇದನ್ನು ಕಲಿಸಬಹುದು. 2 ಲೋಟ ಅಕ್ಕಿ 4 ಜನರಿಗಾದರೆ 10 ಜನರಿಗೆ 5 ಲೋಟ. ಆದರೆ ನಡುವೆ ಲೋಟ ಬದಲಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಇದು ಬರೀ ಗಣಿತವಲ್ಲ. ಕೊಳ್ಳುವಾಗ ಹೆಚ್ಚಿನ ಅಳತೆ, ಕೊಡುವಾಗ ಕಡಿಮೆ ಅಳತೆ ಬಳಸುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಳತೆ ಬಲ್ಲ ಮಗು ಮೋಸ ಹೋಗುವುದಿಲ್ಲ. ವ್ರತ ಬಲ್ಲ ಮಗು ಮೋಸ ಮಾಡುವುದಿಲ್ಲ. ರಾಜಾದಿತ್ಯರ ಹೆಸರು ನಮ್ಮ ಪ್ರತಿ ಪಾಠಶಾಲೆಯ ಮಕ್ಕಳಿಗೂ ತಿಳಿದಿರಲಿ.