ಫೆಲಿಕ್ಸ್ ಬ್ಲಾಕ್

ಫೆಲಿಕ್ಸ್ ಬ್ಲಾಕ್ (23 ಅಕ್ಟೋಬರ್ 1905 – 10 ಸೆಪ್ಟೆಂಬರ್ 1983) ಸ್ವಿಟ್ಜರ್‌ಲೆಂಡ್ ಮೂಲದ ಅಮೆರಿಕದ ಭೌತವಿಜ್ಞಾನಿ. ಪರಮಾಣು ನ್ಯೂಕ್ಲಿಯಸ್‌ಗಳ ಕಾಂತೀಯ ಗುಣವನ್ನು ನಿಖರವಾಗಿ ಅಳೆಯುವ ವಿಧಾನವನ್ನು ರೂಪಿಸಿದ್ದಕ್ಕಾಗಿ ಇವರು ಎಡ್ವರ್ಡ್ ಪರ್ಸೆಲ್ ಅವರೊಂದಿಗೆ 1952ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇಂದಿನ ಎಂಆರ್‌ಐ ಚಿತ್ರಣಕ್ಕೆ ಈ ವಿಧಾನವೇ ತಳಹದಿ.

ಜನನ ಮತ್ತು ಶಿಕ್ಷಣ

ಬ್ಲಾಕ್ ಅವರು ಜ್ಯೂರಿಕ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೊದಲು ಎಂಜಿನಿಯರಿಂಗ್ ಅಭ್ಯಾಸಕ್ಕೆ ಸೇರಿ, ಬಳಿಕ ಭೌತವಿಜ್ಞಾನದತ್ತ ಹೊರಳಿದರು. 1928ರಲ್ಲಿ ಲೈಪ್‌ಜಿಗ್‌ನಲ್ಲಿ ವರ್ನರ್ ಹೈಸನ್‌ಬರ್ಗ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಸ್ಫಟಿಕಗಳಲ್ಲಿ ಎಲೆಕ್ಟ್ರಾನ್‌ಗಳ ಚಲನೆಯನ್ನು ವಿವರಿಸಿದ ಆ ಪ್ರಬಂಧವು ಘನವಸ್ತುಗಳ ಕ್ವಾಂಟಮ್ ಸಿದ್ಧಾಂತಕ್ಕೆ ಅಡಿಪಾಯ ಹಾಕಿತು.

ವೃತ್ತಿಜೀವನ

ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಬ್ಲಾಕ್ ಜರ್ಮನಿಯನ್ನು ತೊರೆದರು. 1934ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಲೂಯಿಸ್ ಅಲ್ವಾರೆಜ್ ಅವರೊಡನೆ ನ್ಯೂಟ್ರಾನಿನ ಕಾಂತೀಯ ಬಲವನ್ನು ಅಳೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವಲ್ಪ ಸಮಯ ಲಾಸ್ ಅಲಾಮೋಸ್‌ನಲ್ಲಿಯೂ, ಆನಂತರ ಹಾರ್ವರ್ಡ್‌ನಲ್ಲಿ ರೇಡಾರ್ ಪ್ರತಿತಂತ್ರದ ಸಂಶೋಧನೆಯಲ್ಲಿಯೂ ದುಡಿದರು. ಅಲ್ಲಿ ದೊರೆತ ರೇಡಿಯೋ ತಂತ್ರಜ್ಞಾನದ ಅನುಭವ ಮುಂದಿನ ಪ್ರಯೋಗಗಳಿಗೆ ನೆರವಾಯಿತು.

ಕಾಂತೀಯ ಅನುರಣನ

1946ರಲ್ಲಿ ವಿಲಿಯಂ ಹ್ಯಾನ್ಸನ್ ಮತ್ತು ಮಾರ್ಟಿನ್ ಪ್ಯಾಕಾರ್ಡ್ ಅವರೊಂದಿಗೆ ಬ್ಲಾಕ್ ನೀರಿನಲ್ಲಿರುವ ಪ್ರೋಟಾನ್‌ಗಳ ಅನುರಣನವನ್ನು ಗುರುತಿಸಿದರು. ಅದೇ ಅವಧಿಯಲ್ಲಿ ಪರ್ಸೆಲ್ ಅವರ ತಂಡ ಸ್ವತಂತ್ರವಾಗಿ ಪ್ಯಾರಾಫಿನ್‌ನಲ್ಲಿ ಇದನ್ನು ಕಂಡಿತ್ತು. ಪ್ರೋಟಾನ್‌ಗಳ ಅನುರಣನದ ಆವೃತ್ತಿ ಕಾಂತಕ್ಷೇತ್ರಕ್ಕೆ ಅನುಪಾತದಲ್ಲಿರುತ್ತದೆ. ಪ್ರತಿ ಟೆಸ್ಲಾಗೆ ಅದು ಸುಮಾರು 42.58 ಮೆಗಾಹರ್ಟ್ಜ್. ಈ ನ್ಯೂಕ್ಲಿಯಸ್‌ಗಳ ಕಾಂತತೆ ಕಾಲಕ್ರಮದಲ್ಲಿ ಬದಲಾಗುವ ಬಗೆಯನ್ನು ವಿವರಿಸುವ ಸಮೀಕರಣಗಳು ಬ್ಲಾಕ್ ಅವರ ಹೆಸರನ್ನೇ ಪಡೆದಿವೆ.

ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿಲ್ಲದಿದ್ದರೆ ಸಂಕೇತ ಮಸುಕಾಗುತ್ತದೆ. ಇದನ್ನು ತಗ್ಗಿಸಲು ಮಾದರಿಯನ್ನೇ ತಿರುಗಿಸಿ ಕ್ಷೇತ್ರದ ವ್ಯತ್ಯಾಸವನ್ನು ಸರಾಸರಿಗೊಳಿಸುವ ಉಪಾಯವನ್ನು ಬ್ಲಾಕ್ 1954ರಲ್ಲಿ ಸೂಚಿಸಿದರು. ರೋಗಿಯ ದೇಹವನ್ನು ಹಾಗೆ ತಿರುಗಿಸಲಾಗದು. ಆದುದರಿಂದ ಎಂಆರ್‌ಐ ಯಂತ್ರದಲ್ಲಿ ಕ್ಷೇತ್ರವನ್ನೇ ಸಮಗೊಳಿಸಬೇಕಾಗುತ್ತದೆ.

ವಿಕಿರಣ ಚಿಕಿತ್ಸೆಯೊಂದಿಗೆ ಸಂಬಂಧ

ಎಂಆರ್‌ಐ ಚಿತ್ರಣವನ್ನು ಬ್ಲಾಕ್ ರೂಪಿಸಲಿಲ್ಲ. 1973ರಲ್ಲಿ ಪಾಲ್ ಲಾಟರ್‌ಬರ್ ಅವರು ಸ್ಥಾನಕ್ಕೆ ತಕ್ಕಂತೆ ಕ್ರಮವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಬಳಸಿ, ಸಂಕೇತವು ಎಲ್ಲಿಂದ ಬಂದಿತೆಂಬುದನ್ನು ಆವೃತ್ತಿಯಿಂದಲೇ ತಿಳಿಯುವ ದಾರಿಯನ್ನು ತೋರಿಸಿದರು. ಹೀಗಾಗಿ ಕ್ಷೇತ್ರದಲ್ಲಿ ದೋಷವಿದ್ದರೆ ಚಿತ್ರದಲ್ಲಿ ಅಂಗದ ಸ್ಥಾನವೂ ತಪ್ಪಾಗಿ ಕಾಣುತ್ತದೆ. 1.5 ಟೆಸ್ಲಾ ಯಂತ್ರದಲ್ಲಿ ಕ್ಷೇತ್ರವು ದಶಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವಾದರೆ ಆವೃತ್ತಿ ಸುಮಾರು 64 ಹರ್ಟ್ಜ್ ಬದಲಾಗುತ್ತದೆ. ಪ್ರತಿ ಚಿತ್ರಬಿಂದುವಿಗೆ 64 ಹರ್ಟ್ಜ್ ಅಂತರವಿರುವ ಚಿತ್ರದಲ್ಲಿ ಅದು ಒಂದು ಬಿಂದುವಿನಷ್ಟು ಪಲ್ಲಟಕ್ಕೆ ಸಮ. ಮೂಗಿನ ಸುತ್ತಲಿನ ಕುಹರಗಳಂತಹ, ಗಾಳಿ ಮತ್ತು ಅಂಗಾಂಶಗಳು ಕೂಡುವೆಡೆಗಳಲ್ಲಿ ಈ ವಿರೂಪ ಹೆಚ್ಚು. ಯಂತ್ರದ ಕೇಂದ್ರದಿಂದ ದೂರ ಸರಿದಂತೆ ಗ್ರೇಡಿಯೆಂಟ್ ಕ್ಷೇತ್ರಗಳ ಅಸಮತೆಯಿಂದಲೂ ಅದು ಬೆಳೆಯುತ್ತದೆ.

ಮೃದು ಅಂಗಾಂಶಗಳ ನಡುವೆ ಕ್ಯಾನ್ಸರ್ ಗೆಡ್ಡೆಯ ಅಂಚನ್ನು ಎಂಆರ್‌ಐ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್‌ಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಆ ಅಂಚು ಸ್ಥಳಾಂತರಗೊಂಡರೆ ವಿಕಿರಣವು ಗೆಡ್ಡೆಯ ಒಂದು ಭಾಗವನ್ನು ತಪ್ಪಿಸಿ, ಪಕ್ಕದ ಆರೋಗ್ಯಕರ ಅಂಗಕ್ಕೆ ತಾಗಬಹುದು. ಮೆದುಳಿನ ಸಣ್ಣ ಗೆಡ್ಡೆಗಳ ಚಿಕಿತ್ಸೆಯಲ್ಲಿ ಒಂದು ಮಿಲಿಮೀಟರ್ ಕೂಡ ಮುಖ್ಯವಾಗುತ್ತದೆ. ಆದುದರಿಂದ ಅಳತೆ ಗೊತ್ತಿರುವ ಜಾಲರಿಯ ಮಾದರಿಗಳನ್ನು ಸ್ಕ್ಯಾನ್ ಮಾಡಿ ವಿರೂಪವನ್ನು ಪರೀಕ್ಷಿಸುವುದು, ತಂತ್ರಾಂಶದ ಮೂಲಕ ತಿದ್ದುವುದು ಮತ್ತು ಸಿಟಿ ಚಿತ್ರದೊಂದಿಗೆ ಹೊಂದಿಸಿ ನೋಡುವುದು ರೂಢಿಯಲ್ಲಿದೆ.

ಕೊನೆಯ ವರ್ಷಗಳು

ಬ್ಲಾಕ್ 1954–55ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯ ಮಹಾನಿರ್ದೇಶಕರಾಗಿದ್ದು, ನಂತರ ಸ್ಟ್ಯಾನ್‌ಫರ್ಡ್‌ಗೆ ಮರಳಿದರು. 1971ರಲ್ಲಿ ನಿವೃತ್ತರಾದರು. ಆಸ್ಪತ್ರೆಗಳಲ್ಲಿ ಎಂಆರ್‌ಐ ಬಳಕೆ ಆರಂಭವಾಗುತ್ತಿದ್ದ ಕಾಲದಲ್ಲಿ, 1983ರಲ್ಲಿ, ಜ್ಯೂರಿಕ್‌ನಲ್ಲಿ ನಿಧನರಾದರು.